ಬಾಯಿ ತಪ್ಪಿ ಬಂದ ಫಾತಿಹಾ

ಹಿಟ್ಟು ಹದಕ್ಕೆ ಬಂದು ಅಂಗೈ ಬಿಡುವ ಹೊತ್ತಿಗೆ ಕುಮ್ರಿಯ ಮನಸ್ಸೂ ದಿನಾ ಒಂದು ಹದಕ್ಕೆ ಬರುತ್ತಿತ್ತು. ಇವತ್ತು ಬರಲಿಲ್ಲ. ಎಡಗೈಯಲ್ಲಿ ಹಿಟ್ಟನ್ನು ಮಡಚುತ್ತ, ಬಲಗೈಯನ್ನು ಬರೀ ಭಾರಕ್ಕೆಂದು ಅದರ ಮೇಲಿಟ್ಟು ಒತ್ತುತ್ತ, ನಿನ್ನೆ ತೊಟ್ಟಿಲ ಊಟದಲ್ಲಿ ತನ್ನ ಬಾಯಿಂದ ಹೊರಬಿದ್ದ ಮಾತನ್ನೇ ಆಕೆ ಮತ್ತೆ ಮತ್ತೆ ಕೇಳಿಸಿಕೊಂಡಳು. ಏನು ಮಹಾ ಮಾತು? ಊಟವಾದ ಮೇಲೆ ಹಿರಿಯರೊಬ್ಬರು ಕೈಯೆತ್ತಿ ಹೇಳುವ ನಾಲ್ಕು ಹಾರೈಕೆ. ತೊಟ್ಟಿಲ ಊಟವಿರಲಿ, ಮದುವೆಯಿರಲಿ, ತೀರಿಕೊಂಡವರ ಹೆಸರಿನ ಪಲಾವಿರಲಿ, ಕೊಕಂದ್ ಪಟ್ಟಣದ ಈ ಮೊಹಲ್ಲಾದಲ್ಲಿ ಹೆಂಗಸರ ಪಂಕ್ತಿಯ ಫಾತಿಹಾ ಕುಮ್ರಿ ಆಪಾಳದೇ. ಅಂಗೈ ಮೇಲೆ ಮಾಡಿ ಹಿಡಿದರೆ ಸಾಕು, ಮಾತು ಒಂದರ ಹಿಂದೊಂದು ತಾನಾಗಿ ಬರುತ್ತಿತ್ತು. ಯೋಚಿಸಬೇಕಾಗಿಯೇ ಇರಲಿಲ್ಲ, ಕೊನೆಗೆ ಅದೇ ಎಡವಟ್ಟಾಯಿತು. ಮಗು ನೂರ್ಕಾಲ ಬಾಳಲಿ, ಬಾಣಂತಿಯ ಹಾಲು ಬತ್ತದಿರಲಿ, ರಷ್ಯಾಕ್ಕೆ ದುಡಿಯಲು ಹೋದವರು ಕೈಕಾಲು ಗಟ್ಟಿಯಿದ್ದು ಮರಳಲಿ, ಈ ಮನೆಯ ಅಜ್ಜಿಯ ಮಂಡಿನೋವು ಮಾಯವಾಗಲಿ ಎಂದು ಹೇಳುತ್ತ ಹೋಗುವಾಗ, ಚಹಾ ಬಡಿಸಲು ಬಾಗಿಲಲ್ಲಿ ಬಂದು ನಿಂತಿದ್ದ ತನ್ನ ಶಿಷ್ಯೆ ಇಕ್ಬೋಲ ಕಣ್ಣಿಗೆ ಬಿದ್ದಳು. ಅದೇ ಓಟದಲ್ಲಿ, ಇಕ್ಬೋಲಳ ಸ್ವಂತ ಒಲೆ ಚೆನ್ನಾಗಿ ಉರಿಯಲಿ, ಅವಳ ಕೈ ಇನ್ನು ಅವಳದೇ ಆಗಲಿ, ಆಮೀನ್ ಎಂದುಬಿಟ್ಟಳು. ಕೋಣೆ ತುಂಬ ಕೂತಿದ್ದ ಹೆಂಗಸರೆಲ್ಲ ಆಮೀನ್ ಎಂದು ಅಂಗೈಗಳಿಂದ ಮುಖ ಸವರಿಕೊಂಡರು. ಆಮೇಲೆ ಯಾರೋ ಕಿರುಚಿದರು: "ಅಯ್ಯೋ ಆಪಾ, ಬಿಳಿ ಫಾತಿಹಾ ಕೊಟ್ಟೇಬಿಟ್ರಲ್ಲ! ಬಾಯಿ ಸಿಹಿ ಮಾಡ್ಸಿ!"

ಬಿಳಿ ಫಾತಿಹಾ ಎಂದರೆ ಉಸ್ತಾದ್ ಶಿಷ್ಯರಿಗೆ ಕೊಡುವ ಬಿಡುಗಡೆ. ಅದು ಸಿಗದೆ ಸ್ವಂತ ಒಲೆ ಹೊತ್ತಿಸಿದವರ ರೊಟ್ಟಿ ತಂದೂರಿನ ಗೋಡೆ ಹಿಡಿಯುವುದಿಲ್ಲ, ಬೂದಿಗೆ ಬೀಳುತ್ತದೆ ಎಂದು ಇಡೀ ಕಣಿವೆ ನಂಬಿದೆ. ನಂಬದವರೂ ಪರೀಕ್ಷೆ ಮಾಡಲು ಹೋಗುವುದಿಲ್ಲ. ಒಂದೂವರೆ ವರ್ಷದಿಂದ ಕುಮ್ರಿ ಅದನ್ನು ಇವತ್ತು ನಾಳೆ ಎಂದು ಮುಂದೂಡುತ್ತಲೇ ಬಂದಿದ್ದಳು. ದಿನಕ್ಕೊಂದು ನೆವ: ರೊಟ್ಟಿಯ ಅಂಚು ಕಪ್ಪಾಯಿತು, ಉಪ್ಪು ಮುಂದಾಯಿತು, ನಡುವೆ ಅಚ್ಚು ಒತ್ತಿದ್ದು ಓರೆಯಾಯಿತು, ಮೊದಲು ಚಳಿಗಾಲದ ಹಿಟ್ಟಿನ ಸ್ವಭಾವ ತಿಳಿದುಕೋ. ಹುಡುಗಿ ತಲೆಯಾಡಿಸುತ್ತಿದ್ದಳು. ಅಂಚು ಕಪ್ಪಾಗಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕುಮ್ರಿಗೆ ಇನ್ನೂ ಒಂದು ಗೊತ್ತಿತ್ತು, ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ: ಹೋದ ಚಳಿಗಾಲದಿಂದ ಆಕೆಯ ಬಲಗೈ ಎದೆಗಿಂತ ಮೇಲೆ ಏಳುತ್ತಿರಲಿಲ್ಲ. ಉರಿಯುವ ತಂದೂರಿನ ಬಾಯೊಳಗೆ ಸೊಂಟದವರೆಗೆ ಬಗ್ಗಿ, ದುಂಡು ದಿಂಬಿನ ಮೇಲಿನ ಹಿಟ್ಟನ್ನು ಬಿಸಿ ಗೋಡೆಗೆ ತಟ್ಟನೆ ಅಂಟಿಸಿ ಎದ್ದು ಬರುವುದು ಆ ತೋಳಿಗೆ ಇನ್ನು ಸಾಧ್ಯವಿರಲಿಲ್ಲ. ಒಲೆಮನೆಗೂ ಅಂಗಡಿಕಟ್ಟೆಗೂ ನಡುವೆ ಒಂದು ಪರದೆ. ಅದರ ಹಿಂದೆ ಇಕ್ಬೋಲ ರೊಟ್ಟಿ ಅಂಟಿಸುತ್ತಿದ್ದಳು, ಮುಂದೆ ಕುಮ್ರಿ ಮಾರುತ್ತಿದ್ದಳು. ಈಚೆಗೆ ನಿಮ್ಮ ಕೈರುಚಿ ಇನ್ನೂ ಹೆಚ್ಚಾಗಿದೆ ಆಪಾ ಎಂದು ಗಿರಾಕಿಗಳು ಹೇಳಿದಾಗ ಆಕೆ ನಕ್ಕು ಚಿಲ್ಲರೆ ಎಣಿಸುತ್ತಿದ್ದಳು. ಪರದೆಯ ಹಿಂದಿನಿಂದ ಒಂದು ದಿನವೂ ಒಂದು ಮಾತು ಬಂದಿರಲಿಲ್ಲ. ಅದು ಬಂದಿದ್ದರೆ ವಾಸಿಯಿತ್ತು ಎಂದು ಕುಮ್ರಿಗೆ ಎಷ್ಟೋ ಸಲ ಅನ್ನಿಸಿತ್ತು.

ಇವತ್ತು ಇಕ್ಬೋಲ ಬರುವುದಿಲ್ಲ ಎಂದು ಕುಮ್ರಿ ಅಂದುಕೊಂಡಿದ್ದಳು. ಬಂದರೂ ಹೊಸ ಬಟ್ಟೆ ಉಟ್ಟು, ಸಿಹಿ ಹಿಡಿದು, ಅತಿಥಿಯ ಹಾಗೆ ಬರುತ್ತಾಳೆ ಎಂದುಕೊಂಡಿದ್ದಳು. ಇಕ್ಬೋಲ ಎಂದಿನ ಹಳೆ ಸ್ಕಾರ್ಫು ಬಿಗಿದುಕೊಂಡೇ ಗೇಟು ತಳ್ಳಿ ಬಂದಳು. "ಅಸ್ಸಲಾಮು ಅಲೈಕುಮ್ ಆಪಾ, ಒಲೆಗೆ ಹಾಕೋ ಹತ್ತಿಕಡ್ಡಿ ಒದ್ದೆಯಾಗಿದೆ, ನಿನ್ನೆ ರಾತ್ರಿ ಮುಚ್ಚಲಿಲ್ವಾ ನೀವು?" ಎಂದು ಗದರಿ, ಕೈ ಸುಡದಂತೆ ಹಾಕುವ ದಪ್ಪ ತೋಳುಚೀಲ ಏರಿಸಿಕೊಂಡು ಒಲೆಯ ಹತ್ತಿರ ಹೋದಳು. ನಿನ್ನೆಯ ಸುದ್ದಿಯೇ ಇಲ್ಲ. ಕುಮ್ರಿಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಯುಲ್ದೋಶ್ ಎಂಬ ಚಹಾದಂಗಡಿಯವನ ಒಲೆಯೊಂದು ಖಾಲಿ ಬಿದ್ದಿದೆ, ಅದನ್ನು ಅವನು ಇಕ್ಬೋಲಳಿಗೆ ಬಾಡಿಗೆಗೆ ಕೊಡಲು ತಯಾರಿದ್ದಾನೆ, ಇವತ್ತಿನೊಳಗೆ ಹೂಂ ಅಥವಾ ಊಹೂಂ ಹೇಳಬೇಕು ಎಂಬುದು ಮೊಹಲ್ಲಾದ ನಾಯಿಗೂ ಗೊತ್ತಿತ್ತು. ಅಷ್ಟಿದ್ದೂ ಈ ಹುಡುಗಿ ಏನೂ ಆಗದವಳ ಹಾಗೆ ಒಲೆಯ ಗೋಡೆಗೆ ನೀರು ಚಿಮುಕಿಸುತ್ತಿದ್ದಾಳೆ. ಮಾತಾಡದೆ ಚುಚ್ಚುವುದನ್ನು ಎಲ್ಲಿ ಕಲಿತಳು? ಎಲ್ಲಿ ಇನ್ನು, ಇಲ್ಲೇ.

ಮೊದಲ ಗಿರಾಕಿ ಹೋಶಿಮ್ ತಾತ. ನಿವೃತ್ತ ಟ್ರಾಕ್ಟರ್ ಚಾಲಕ, ಬಾಯಿ ಮಾತ್ರ ನಿವೃತ್ತಿ ಆಗಿಲ್ಲ. ಬಿಸಿ ರೊಟ್ಟಿಯನ್ನು ಎದೆಗೊತ್ತಿ ಹಿಡಿದುಕೊಂಡು, "ಹಾಗಾದ್ರೆ ನಾವಿನ್ನು ರೊಟ್ಟಿಗೆ ಬಸ್‌ಸ್ಟ್ಯಾಂಡಿನ ತನಕ ನಡೀಬೇಕು ಅನ್ನು, ಕುಮ್ರಿ?" ಎಂದ.

"ಯಾಕೆ, ನಾನು ಸತ್ತೋದ್ನಾ?"

"ಸಾಯೋ ಮಾತು ಯಾಕೆ ಬೆಳಿಗ್ಗೆ ಬೆಳಿಗ್ಗೆ? ಉಸ್ತಾದ್ ಮನೇಲಿ, ಶಿಷ್ಯೆ ಪೇಟೇಲಿ. ಒಳ್ಳೇದೇ ಅಲ್ವಾ. ನಡೆದ್ರೆ ನನ್ನ ಮಂಡಿಗೂ ಒಳ್ಳೇದಂತೆ, ಡಾಕ್ಟರು ಹೇಳಿದಾರೆ."

"ಹಾಗಾದ್ರೆ ನಡೀರಿ. ಈಗ್ಲೇ ನಡೀರಿ."

ಪರದೆಯ ಹಿಂದೆ ಇಕ್ಬೋಲ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅವಳು ಬಂದ ಮೊದಲ ವರ್ಷ ಆ ನಗು ಇರಲಿಲ್ಲ. ಮೊಹಲ್ಲಾ ಸಮಿತಿಯ ಮವ್ಜುದಾ ಮೊಣಕೈ ಹಿಡಿದು ಎಳೆದುಕೊಂಡು ಬಂದು ಈ ಅಂಗಳದಲ್ಲಿ ನಿಲ್ಲಿಸಿದಾಗ ಹುಡುಗಿ ಬಾಯಲ್ಲಿ ಚೂಯಿಂಗ್ ಗಮ್ ಜಗಿಯುತ್ತ ಹಿಪ್ಪುನೇರಳೆ ಮರ ನೋಡುತ್ತಿದ್ದಳು. ಕಾಲೇಜಿನಲ್ಲಿ ಒಬ್ಬಳ ಮೂಗು ಒಡೆದಿದ್ದಳು; ಅಪ್ಪ ಅಮ್ಮ ಯಾವುದೋ ರಷ್ಯನ್ ಊರಿನಲ್ಲಿ ಹಿಮ ಗುಡಿಸುತ್ತಿದ್ದರು; ಕಣ್ಣು ಮಂಜಾದ ಅಜ್ಜಿಗೆ ಅವಳು ಮನೆಯಲ್ಲಿದ್ದಾಳೋ ಇಲ್ಲವೋ ಕಾಣುತ್ತಿರಲಿಲ್ಲ. "ಆರು ತಿಂಗಳು ಇಟ್ಕೊಳ್ಳಿ ಆಪಾ, ಸರ್ಕಾರದ ಯೋಜನೆ, ಉಸ್ತಾದ್‌ಗೂ ಏನೋ ಕೊಡ್ತಾರೆ" ಎಂದಿದ್ದಳು ಮವ್ಜುದಾ. ಕುಮ್ರಿಗೆ ಯೋಜನೆ ಅರ್ಥವಾಗಲಿಲ್ಲ. ಹುಡುಗಿಯ ಕಾಲಲ್ಲಿ ಚಳಿಗಾಲದಲ್ಲೂ ಬೇಸಿಗೆಯ ಚಪ್ಪಲಿಯಿದ್ದದ್ದು ಮಾತ್ರ ಅರ್ಥವಾಯಿತು. ಒಂದು ಬಟ್ಟಲು ಮೊಸರು, ಅರ್ಧ ರೊಟ್ಟಿ ಮುಂದಿಟ್ಟು, ತಿನ್ನು ಎಂದಳು. ಅಷ್ಟೇ ಕಲಿಸಿದ್ದು ಎಂದು ಈಗಲೂ ಆಕೆಗೆ ಅನ್ನಿಸುತ್ತದೆ. ಅದಾದ ಮೇಲೆ ಹುಡುಗಿ ಹುಬ್ಬು ಸುಟ್ಟುಕೊಂಡಳು, ತಟ್ಟೆ ಒಡೆದಳು, ಎರಡು ಸಲ ಓಡಿಹೋದಳು, ಓಡಿಹೋಗಿ ತಾನೇ ಬಂದಳು. ಎಲ್ಲಿಗೆ ಹೋಗಿದ್ದೆ ಎಂದು ಕುಮ್ರಿ ಕೇಳಲಿಲ್ಲ, ಹಿಟ್ಟು ಜರಡಿ ಹಿಡಿ ಎಂದಳು. ಎರಡನೇ ಸಲ ಬಂದ ದಿನ ಹುಡುಗಿ ಜರಡಿ ಹಿಡಿಯುತ್ತಲೇ ಅತ್ತಿದ್ದಳು. ಹಿಟ್ಟಿನ ಪುಡಿ ಕಣ್ಣಿಗೆ ಹೋಯಿತು ಎಂದು ಇಬ್ಬರೂ ಒಪ್ಪಿಕೊಂಡಿದ್ದರು.

ಮವ್ಜುದಾ ಹತ್ತು ಗಂಟೆಗೆಲ್ಲ ಬಂದಳು. ಬಂದವಳೇ ಅಪ್ಪಿಕೊಂಡು, ಕುಮ್ರಿಯ ನೋಯುವ ಭುಜವನ್ನೇ ಹಿಂಡಿದಳು. "ನಿನ್ನೆ ಕಣ್ಣಲ್ಲಿ ನೀರು ಬಂತು ಆಪಾ ನನಗೆ! ಶುಕ್ರವಾರ ಸಮಿತಿಯವರನ್ನ ಕರೀತೀನಿ, ಎಲ್ಲರೆದುರು ಇನ್ನೊಂದ್ಸಲ ಮಾಡಿ. ಶಾಸ್ತ್ರಕ್ಕೆ ಇವಳ ಸೊಂಟಕ್ಕೆ ಪಟ್ಟಿ ಕಟ್ಟಿ, ಫೋಟೋ ತೆಗೆಸೋಣ. ಜಿಲ್ಲೆಯಲ್ಲಿ ಕೇಳ್ತಾರೆ ನನ್ನ, ಉಸ್ತಾದ್‌ಗೆ ಹುಡುಗರನ್ನ ಒಪ್ಪಿಸೋದ್ರಿಂದ ಏನು ಲಾಭ ಅಂತ. ನಾನಂತೀನಿ, ಬಂದು ನೋಡ್ರಪ್ಪಾ. ಇವಳ ಸಂಬಳದಿಂದ ಅಜ್ಜಿ ಕಣ್ಣಿನ ಆಪರೇಷನ್ ಆಯ್ತು. ಇವಳ ತಮ್ಮ ರಷ್ಯಾಕ್ಕೆ ಹೋಗೋದು ಬಿಟ್ಟು ವೆಲ್ಡಿಂಗ್ ಕಲೀತಿದಾನೆ. ಇವಳು ಮೂಗು ಒಡೆದಿದ್ಲಲ್ಲ, ಆ ಹುಡುಗೀನೇ ಬಸ್‌ಸ್ಟ್ಯಾಂಡಲ್ಲಿ ಇವಳ ಜೊತೆ ಕೆಲಸಕ್ಕೆ ಬರ್ತಾಳಂತೆ, ಕೇಳಿದ್ರಾ? ಒಂದು ಒಲೆಯಿಂದ ಎಷ್ಟು ಮನೆ ಬೆಳಗ್ತು ನೋಡಿ!"

"ನಾನೇನೂ ಬೆಳಗಿಸ್ಲಿಲ್ಲ. ಬೈದಿದೀನಿ ಅಷ್ಟೇ."

"ಹಾಗೇ ಬೈತಾ ಇರಿ. ಇನ್ನಿಬ್ಬರು ಹುಡುಗೀರಿದಾರೆ ನನ್ನ ಹತ್ರ, ಇವಳ ಹಾಗೇ ಮುಳ್ಳುಹಂದಿಗಳು."

ಮವ್ಜುದಾ ಹೋದ ಮೇಲೂ ಆ ಮಾತುಗಳು ಅಂಗಳದಲ್ಲೇ ಉಳಿದವು. ಕುಮ್ರಿ ಒಂದೊಂದನ್ನೂ ಎತ್ತಿ ನೋಡಿದಳು; ಯಾವುದೂ ತನ್ನದು ಅನ್ನಿಸಲಿಲ್ಲ. ಅಜ್ಜಿಯ ಕಣ್ಣು ಸರಿಹೋಗಲಿ ಎಂದು ತಾನು ಈ ಹುಡುಗಿಯನ್ನು ಇಟ್ಟುಕೊಂಡಿರಲಿಲ್ಲ. ಸತ್ಯ ಹೇಳಬೇಕೆಂದರೆ, ಸಂಜೆ ಚಹಾಕ್ಕೆ ಎರಡನೇ ಪಿಯಾಲೆ ಇಡುವ ಸುಖಕ್ಕೆ ಇಟ್ಟುಕೊಂಡಿದ್ದಳು. ಇಟ್ಟುಕೊಂಡು, ಕಲಿಸಿ, ಕಲಿತು ಮುಗಿದ ಮೇಲೂ ಕಲಿಸುವ ನಾಟಕ ಆಡುತ್ತ, ಅವಳ ವಯಸ್ಸನ್ನು ತನ್ನ ಒಲೆಗೆ ಹಾಕುತ್ತಿದ್ದಳು. ಊರು ಹೊಗಳುತ್ತಿದೆ. ಶುಕ್ರವಾರ ಫೋಟೋ ತೆಗೆಯುತ್ತಾರೆ. ಇವಳು ಹೋದ ಮರುದಿನ ಈ ತಂದೂರು ತಣ್ಣಗಾಗುತ್ತದೆ, ಕುಮ್ರಿ ಆಪಾಳ ಕೈ ಯಾವಾಗಲೋ ಹೋಗಿತ್ತು ಎಂದು ಆಗ ಎಲ್ಲರಿಗೂ ತಿಳಿಯುತ್ತದೆ. ಅದಕ್ಕೇ ಬೆಳಗಿನಿಂದ ಒಂದು ವಾಕ್ಯವನ್ನು ಆಕೆ ನಾಲಿಗೆಯ ಮೇಲೆ ಹದ ಮಾಡುತ್ತಿದ್ದಳು: ಅದು ಊಟದ ಮೇಲಿನ ಮಾತು ಮಗಳೇ, ನಿಜವಾದದ್ದನ್ನು ವಸಂತದಲ್ಲಿ ನವ್‌ರೋಜ್ ಹಬ್ಬಕ್ಕೆ ಕೊಡುತ್ತೇನೆ. ಚಳಿಗಾಲ ಒಂದು ಕಳೆಯಲಿ. ಮೃದುವಾಗಿ ಹೇಳಿದರೆ ಅವಳು ತಲೆಯಾಡಿಸುತ್ತಾಳೆ, ಯಾವಾಗಲೂ ಆಡಿಸಿದ್ದಾಳೆ.

ಮಧ್ಯಾಹ್ನದ ಒಲೆ ಮುಗಿದು, ಮರದ ಕೆಳಗಿನ ಮಂಚದ ಮೇಲೆ ಇಬ್ಬರೂ ಕೂತರು. ಇಕ್ಬೋಲ ಚಹಾ ಬಗ್ಗಿಸಿ, ವಾಡಿಕೆಯಂತೆ ಪಿಯಾಲೆ ಅರ್ಧ ತುಂಬಿಸಿ, ಎದೆಯ ಮೇಲೆ ಕೈಯಿಟ್ಟು ಕೊಟ್ಟಳು. ಹಳದಿಯಾದ ಎಲೆಯೊಂದು ಮೊಸರಿನೊಳಗೆ ಬಿತ್ತು, ಅವಳೇ ಎತ್ತಿ ಎಸೆದಳು.

"ನಿನ್ನೆಯದು..." ಎಂದಳು ಕುಮ್ರಿ.

"ಬಾಯಿ ತಪ್ಪಿ ಬಂತು. ಗೊತ್ತು ಆಪಾ."

ಕುಮ್ರಿ ಪಿಯಾಲೆ ಕೆಳಗಿಟ್ಟಳು. "ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನನ್ನ ಎರಡೂ ಕೈಯಲ್ಲಿ ಕೆಟಲಿತ್ತು. ಕೈ ಒಡ್ಡದೇ ಇಸ್ಕೊಂಡ್ರೆ ಅದು ಇಸ್ಕೊಂಡ ಹಾಗಾ? ಆಮೀನ್ ಕೂಡ ಅನ್ಲಿಲ್ಲ ನಾನು. ನಿಮ್ಮ ಮುಖಾನೇ ನೋಡ್ತಾ ನಿಂತಿದ್ದೆ."

"ಹೇಗಿತ್ತು?"

"ಬಜಾರಲ್ಲಿ ಪರ್ಸು ಕಳ್ಕೊಂಡವರ ಮುಖ ಇರತ್ತಲ್ಲ, ಹಾಗೆ." ಅವಳು ನಕ್ಕಳು, ಕುಮ್ರಿಗೂ ನಗು ಬಂತು. ಆ ನಗು ಮುಗಿಯುವ ಮೊದಲೇ ಹುಡುಗಿ ಹೇಳಿದಳು: "ಬೆಳಿಗ್ಗೆ ಬರ್ತಾ ಯುಲ್ದೋಶ್‌ಗೆ ಬೇಡ ಅಂತ ಹೇಳಿ ಬಂದೆ. ನೀವು ಯೋಚ್ನೆ ಮಾಡ್ಬೇಡಿ. ನಿಮ್ಮ ಬಾಯಿಂದ ಜಾರಿ ಬಿದ್ದದ್ದನ್ನ ನಾನು ಎತ್ಕೊಂಡು ಓಡಿಹೋಗಲ್ಲ."

ಕುಮ್ರಿಗೆ ಮೊದಲು ಆದದ್ದು ಸಂತೋಷ. ಅದನ್ನು ಬೇರೆ ಹೆಸರಿನಿಂದ ಕರೆಯುವಂತಿರಲಿಲ್ಲ. ಮೈಯೆಲ್ಲ ಹಗುರಾಯಿತು, ಚಹಾ ರುಚಿಯಾಯಿತು, ರೊಟ್ಟಿಯ ಒಂದು ಚೂರು ಮುರಿದು ಮೊಸರಿಗೆ ಅದ್ದಿ ತಿಂದಳು. ಇನ್ನೊಂದು ಚಳಿಗಾಲ. ಇನ್ನೊಂದು ಚಳಿಗಾಲವಿಡೀ ಗೇಟಿನ ಸದ್ದು, ಒದ್ದೆ ಹತ್ತಿಕಡ್ಡಿಗೆ ಬೈಗುಳ, ಎರಡನೇ ಪಿಯಾಲೆ. ಕೇಳದೆಯೇ ಸಿಕ್ಕಿತು. ಆಮೇಲೆ ಕಣ್ಣು ಹುಡುಗಿಯ ಬೆರಳಿನ ಮೇಲೆ ಹೋಯಿತು. ಇಕ್ಬೋಲ ತಿನ್ನುತ್ತಿರಲಿಲ್ಲ. ತನ್ನ ಪಾಲಿನ ರೊಟ್ಟಿಯನ್ನು ಚೂರು ಮಾಡಿ, ಚೂರನ್ನು ಪುಡಿ ಮಾಡಿ, ಪುಡಿಯನ್ನು ಮಂಚದಿಂದ ನೆಲಕ್ಕೆ ಉದುರಿಸುತ್ತಿದ್ದಳು. ನೆಲಕ್ಕೆ ಬಿದ್ದ ಒಂದು ತುಣುಕನ್ನೂ ಎತ್ತಿ ಕಣ್ಣಿಗೊತ್ತಿ ಹಕ್ಕಿಗೆಂದು ಗೋಡೆಯ ಮೇಲಿಡುತ್ತಿದ್ದ ಹುಡುಗಿ. ತಾನು ಏನು ಮಾಡುತ್ತಿದ್ದೇನೆ ಎಂಬುದು ಅವಳಿಗೇ ತಿಳಿದಿರಲಿಲ್ಲ. ಮುಖ ಮಾತ್ರ ನಗುತ್ತಲೇ ಇತ್ತು.

ಕುಮ್ರಿ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟಳು. ನಾಚಿಕೆಯಾಯಿತು. ಅದರ ಜೊತೆಗೇ ಆ ಪುಡಿ ಮಾಡುವ ಬೆರಳುಗಳ ಮೇಲೆ ಎಂಥದೋ ಪ್ರೀತಿ ಉಕ್ಕಿ, ಅವನ್ನು ಹಿಡಿದುಕೊಂಡು ಬೈಯಬೇಕು ಅನ್ನಿಸಿತು.

"ಏಳು," ಎಂದಳು.

"ಎಲ್ಲಿಗೆ?"

"ಬಸ್‌ಸ್ಟ್ಯಾಂಡಿಗೆ."

"ಆಪಾ, ಸಂಜೆ ಹಿಟ್ಟು ಕಲಸಿಟ್ಟಿದೀನಿ, ಉಬ್ಬಿ ಹುಳಿಯಾಗತ್ತೆ."

"ಆಗ್ಲಿ ಬಿಡು. ಒಂದು ಸಂಜೆ ಮೊಹಲ್ಲಾ ಅನ್ನ ತಿನ್ಲಿ."

ಪುಟ್ಟ ವ್ಯಾನಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಹೊರಗೆ ಪಾಪ್ಲರ್ ಮರಗಳು ಒಂದೊಂದಾಗಿ ಹಿಂದೆ ಹೋದವು. ಕುಮ್ರಿಗೆ ತನ್ನ ಉಸ್ತಾದ್ ನೆನಪಾದಳು. ಅವಳ ಕೈಯ ಸುಟ್ಟ ಗುರುತುಗಳು ನೆನಪಾದವು, ಮುಖ ಮಾತ್ರ ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ಆಕೆಗೂ ಹೀಗೇ ಆಗಿತ್ತೇ? ತನ್ನನ್ನು ಬೀಳ್ಕೊಟ್ಟ ಸಂಜೆ ಆಕೆ ಒಬ್ಬಳೇ ಕೂತು ಏನು ತಿಂದಳು? ಅದನ್ನು ಇಷ್ಟು ವರ್ಷ ಒಮ್ಮೆಯೂ ಯೋಚಿಸಿರಲಿಲ್ಲ. ಹೊಸ ಒಲೆ ಸಿಕ್ಕವರು ಹಿಂದೆ ತಿರುಗಿ ನೋಡುವುದಿಲ್ಲ, ನೋಡಬಾರದು ಕೂಡ. ಪಕ್ಕದಲ್ಲಿ ಇಕ್ಬೋಲ, "ಆಪಾ, ಜಗಳ ಮಾಡ್ಬೇಡಿ ಅವನ ಹತ್ರ" ಎಂದು ಪಿಸುಗುಟ್ಟಿದಳು. "ನಾನ್ಯಾವಾಗ ಜಗಳ ಮಾಡಿದೀನಿ?" ಎಂದು ಕುಮ್ರಿ ಗಟ್ಟಿಯಾಗಿಯೇ ಕೇಳಿದ್ದಕ್ಕೆ ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು.

ಯುಲ್ದೋಶ್ ಡೊಳ್ಳುಹೊಟ್ಟೆಯ ಗಡಿಬಿಡಿ ಮನುಷ್ಯ. ಅಂಗಡಿಯ ಮುಂದೆ ಬಸ್ ಚಾಲಕರು ಚಹಾ ಹೀರುತ್ತ ಕೂತಿದ್ದರು. ಪಕ್ಕದಲ್ಲೇ ತಂದೂರು ಬಾಯಿ ತೆರೆದುಕೊಂಡು ತಣ್ಣಗೆ ಕೂತಿತ್ತು.

"ಬೆಳಿಗ್ಗೆ ಬೇಡ ಅಂದ್ಲು, ಈಗ ಉಸ್ತಾದ್‌ನ ಕರ್ಕೊಂಡು ಬಂದಿದಾಳೆ," ಎಂದ ಅವನು. "ಸಂಜೆ ಸಮೋಸದವನು ಬರ್ತಾನೆ, ಮಾತು ಕೊಟ್ಟಾಯ್ತು."

"ನಾನಿವಳ ಉಸ್ತಾದ್. ನನ್ನ ಕೇಳ್ದೆ ಇವಳು ಬೇಡ ಅಂದಿದ್ದು ಲೆಕ್ಕಕ್ಕಿಲ್ಲ. ಸಮೋಸದವನಿಗೆ ಹೇಳು, ಈ ಒಲೇಲಿ ರೊಟ್ಟಿ ಬೇಯತ್ತೆ ಅಂತ."

"ಚೆನ್ನಾಗಿದೆ ಆಪಾ! ಹೋಗ್ಲಿ, ನಿಮ್ಮ ಕೈರುಚಿ ಇಡೀ ಪೇಟೆಗೆ ಗೊತ್ತು. ಇವಳಿಗೆ ಅದು ಬಂದಿದ್ಯಾ?"

ಪರದೆ ಇಲ್ಲದ ಜಾಗ. ಚಾಲಕರು ಪಿಯಾಲೆ ಹಿಡಿದು ಇತ್ತಲೇ ನೋಡುತ್ತಿದ್ದರು. "ಹೋದ ಚಳಿಗಾಲದಿಂದ ನೀನು ತಿಂತಿರೋದೇ ಇವಳ ಕೈರುಚಿ," ಎಂದಳು ಕುಮ್ರಿ. "ನನ್ನ ಭುಜ ಹಿಡ್ಕೊಂಡಿದೆ. ಒಲೆಗೆ ಕೈ ಹಾಕೋದಕ್ಕೆ ಆಗಲ್ಲ ನನಗೆ." ಇಷ್ಟು ಸುಲಭವಿತ್ತೇ ಇದು ಎಂದು ಆಕೆಗೇ ಆಶ್ಚರ್ಯವಾಯಿತು. ಯಾರೂ ನಗಲಿಲ್ಲ. ಒಬ್ಬ ಚಾಲಕ ಎದ್ದು ಆಕೆಗೆ ಕೂರಲು ಸ್ಟೂಲು ತಳ್ಳಿದ.

ಯುಲ್ದೋಶ್ ತಲೆ ಕೆರೆದುಕೊಂಡ. "ಫಾತಿಹಾ ಆಗಿದ್ಯಾ? ಅದೊಂದು ಆಗಿರ್ಬೇಕಪ್ಪ. ಆಗದೋರಿಗೆ ನಾನು ಒಲೆ ಕೊಡಲ್ಲ."

ಆಗಿದೆ ಅನ್ನಬಹುದಿತ್ತು. ಇಡೀ ಮೊಹಲ್ಲಾದ ಹೆಂಗಸರು ಸಾಕ್ಷಿ ಹೇಳುತ್ತಿದ್ದರು. ಇಕ್ಬೋಲ ನೆಲ ನೋಡುತ್ತಿದ್ದಳು, ಕಿವಿಗಳು ಕೆಂಪಾಗಿದ್ದವು.

"ಇಲ್ಲ," ಎಂದಳು ಕುಮ್ರಿ. "ಈಗ ಆಗತ್ತೆ."

ತಣ್ಣನೆಯ ತಂದೂರಿನ ಮುಂದೆ ಆಕೆ ಅಂಗೈಗಳನ್ನು ಎತ್ತಿದಳು. ಎಡಗೈ ಮುಖದೆತ್ತರಕ್ಕೆ ಸಲೀಸಾಗಿ ಬಂತು, ಬಲಗೈ ಎದೆಯ ಹತ್ತಿರವೇ ನಿಂತಿತು. ಹಿಡಿದುಕೊಳ್ಳಲು ಮುಂದೆ ಬಂದ ಇಕ್ಬೋಲಳನ್ನು ಕಣ್ಣಲ್ಲೇ ಗದರಿ ಹಿಂದೆ ನಿಲ್ಲಿಸಿ, ಕೈಯೊಡ್ಡು ಎಂದು ಸನ್ನೆ ಮಾಡಿದಳು. ಕೈಯೆತ್ತಿದವರನ್ನು ಕಂಡ ಚಾಲಕರೂ ಯಾರು ಏನು ಎಂದು ಕೇಳದೆ ಪಿಯಾಲೆ ಕೆಳಗಿಟ್ಟು ಕೈಯೆತ್ತಿದರು; ಯುಲ್ದೋಶ್ ಒದ್ದೆ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು ಎತ್ತಿದ. ಕುಮ್ರಿ ಬಾಯಿ ತೆರೆದಳು. ಏನೂ ಬರಲಿಲ್ಲ. ಜನ್ಮವಿಡೀ ಮಂದಿಯ ಮಕ್ಕಳಿಗೆ, ಮದುಮಕ್ಕಳಿಗೆ, ಮಂಡಿಗಳಿಗೆ ಹರಿದು ಬಂದ ಮಾತುಗಳಲ್ಲಿ ಒಂದೂ ಹತ್ತಿರ ಸುಳಿಯಲಿಲ್ಲ. ಬಸ್ಸೊಂದು ಹಾರ್ನ್ ಹಾಕಿತು. ಎತ್ತಿದ ಕೈಗಳು ಕಾಯುತ್ತಿದ್ದವು. ಹುಡುಗಿಯ ಅಂಗೈಯಲ್ಲಿ ಬೆಳಗಿನ ಹಿಟ್ಟು ಒಣಗಿ ಗೆರೆಗಳೊಳಗೆ ಬೆಳ್ಳಗೆ ಕೂತಿತ್ತು.

"ಖುದಾ," ಎಂದಳು ಕುಮ್ರಿ ಕೊನೆಗೆ, ಪಕ್ಕದ ಮನೆಯವರನ್ನು ಕರೆಯುವ ದನಿಯಲ್ಲಿ. "ಇವಳನ್ನ ಕಳಿಸೋಕೆ ನನಗೆ ಮನಸ್ಸಿಲ್ಲ. ಆದ್ರೂ ಕಳಿಸ್ತಿದೀನಿ. ಮಿಕ್ಕಿದ್ದು ನೀನು ನೋಡ್ಕೋ. ಆಮೀನ್."

ಆಮೀನ್ ಎಂದರು ಚಾಲಕರು, ಆಮೀನ್ ಎಂದ ಯುಲ್ದೋಶ್. ಎಲ್ಲರೂ ಮುಖ ಸವರಿಕೊಂಡು ಕೈ ಇಳಿಸಿ, ಬಿಟ್ಟ ಚಹಾಕ್ಕೆ ತಿರುಗಿದರು. ಇಕ್ಬೋಲ ಮಾತ್ರ ಮುಖಕ್ಕೆ ಒಯ್ದ ಅಂಗೈಗಳನ್ನು ಅಲ್ಲೇ ಒತ್ತಿ ಹಿಡಿದು ನಿಂತಳು. ಬಸ್ಸು ಹೊರಟುಹೋಯಿತು, ಅವಳ ಕೈ ಇಳಿಯಲಿಲ್ಲ.